ಸೋಪಿನ ತಟ್ಟೆಗೂ ಒಂದು ರೇಟು

ನಮ್ಮ ಮನೆಯ ಕಾರಿಗೆ ಮೊದಲು ರೇಟು ಹೇಳಿದವನು ಗುಜರಿಯವನು. ಮಳೆಗಾಲಕ್ಕೆ ಮುಂಚೆ ಹಳೇ ಪಂಪ್‌ಸೆಟ್ಟು, ತೂತು ಬಿದ್ದ ಹಂಡೆ, ತುಕ್ಕು ತಿಂದ ತಗಡು ಒಯ್ಯೋಕೆ ಬಂದಿದ್ದ. ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೆ ಏನೋ ಟಾರ್ಪಾಲು ಹೊದ್ದು ಕೂತಿದ್ದು ಕಾಣಿಸಿತು. ತುದಿ ಎತ್ತಿ ನೋಡಿ, "ಎಷ್ಟು ಕೆಜಿ ಬರಬಹುದು ಸಾರ್ ಇದು?" ಅಂದ. 800 ಕೆಜಿ ಹತ್ತಿರ ಇರಬಹುದು ಅಂದೆ. ಮನಸ್ಸಲ್ಲೇ ಗುಣಿಸಿ 22,000 ಅಂದ. ಟೈರು ಬೇಡ, ಅದನ್ನು ನೀವೇ ಇಟ್ಟುಕೊಳ್ಳಿ ಅಂತಲೂ ಸೇರಿಸಿದ.

ನನಗೆ ಸಿಟ್ಟು ಬಂತು. ಈಗ ಯೋಚಿಸಿದರೆ, ತನ್ನ ಲೆಕ್ಕ ಪೂರ್ತಿ ಬಾಯಿಬಿಟ್ಟು ಹೇಳಿದವನು ಅವನೊಬ್ಬನೇ.

ಕಾರು 1964ರ ಸ್ಟ್ಯಾಂಡರ್ಡ್ ಹೆರಾಲ್ಡ್. ಎರಡೇ ಬಾಗಿಲು, 948 ಸಿಸಿ ಎಂಜಿನ್. ಅಂಬಾಸಿಡರ್, ಫಿಯೆಟ್ ಗೊತ್ತಿರುವಷ್ಟು ಈಗಿನವರಿಗೆ ಹೆರಾಲ್ಡ್ ಗೊತ್ತಿಲ್ಲ. ಜೀಪು ಬಿಟ್ಟರೆ ಆ ಕಾಲದಲ್ಲಿ ನಮ್ಮ ದೇಶದಲ್ಲಿ ಕಾರು ಮಾಡುತ್ತಿದ್ದ ಕಂಪನಿಗಳು ಮೂರೇ. ಕಲ್ಕತ್ತದ ಹತ್ತಿರ ಹಿಂದುಸ್ತಾನ್ ಮೋಟರ್ಸ್, ಬೊಂಬಾಯಿಯಲ್ಲಿ ಪ್ರೀಮಿಯರ್, ಮದ್ರಾಸಿನ ಹತ್ತಿರ ಸ್ಟ್ಯಾಂಡರ್ಡ್. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಅಂತ ಬಂದ ಕಾರು ಇಲ್ಲಿ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಆಯಿತು. ಅದರ ರೂಪ ಬರೆದವರು ಇಟಲಿಯ ಜಿಯೊವಾನ್ನಿ ಮಿಕೆಲೊಟ್ಟಿ. ನಮ್ಮ ಅಜ್ಜನಿಗೆ ಇದ್ಯಾವುದೂ ಗೊತ್ತಿರಲಿಲ್ಲ. 1970ರಲ್ಲಿ ಹುಬ್ಬಳ್ಳಿಯ ಡಾಕ್ಟರೊಬ್ಬರಿಂದ 8,500 ರೂಪಾಯಿಗೆ ತಂದ. ಯಾಕೆ ಇದೇ ಕಾರು ಅಂತ ಕೇಳಿದರೆ, ನಮ್ಮ ಅಂಗಳದಲ್ಲಿ ತಿರುಗೋದು ಇದೊಂದೇ ಅಂತಿದ್ದನಂತೆ. ಅದು ನಿಜ. ಹೆರಾಲ್ಡ್ 25 ಅಡಿ ಜಾಗದಲ್ಲಿ ಪೂರ್ತಿ ಸುತ್ತು ಹಾಕುತ್ತದೆ. ತೋಟದ ದಾರಿಯ ಕೊನೆಗೆ ಅಡಿಕೆ ಚಪ್ಪರ, ತುಳಸಿಕಟ್ಟೆ, ಬಾವಿ ಮೂರನ್ನೂ ತಪ್ಪಿಸಿ ತಿರುಗಿಸೋಕೆ ಬೇರೆ ಕಾರಿಗೆ ಆಗುತ್ತಿರಲಿಲ್ಲ. ದೇವಿಮನೆ ಘಟ್ಟದ ತಿರುವುಗಳಲ್ಲಂತೂ ಅಜ್ಜ ಸ್ಟಿಯರಿಂಗನ್ನು ಒಂದೇ ಕೈಯಲ್ಲಿ ತಿರುಗಿಸುತ್ತಿದ್ದನಂತೆ.

ಅದರ ಬಾನೆಟ್ಟು ಉಳಿದ ಕಾರುಗಳ ಹಾಗಲ್ಲ. ಎರಡೂ ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಅಪ್ಪ ಮುಂದಿನ ಟೈರಿನ ಮೇಲೆ ಆರಾಮಾಗಿ ಕೂತು, ಬಾಯಲ್ಲಿ ಕವಳ ಹಾಕಿಕೊಂಡು, ಕಾರ್ಬೊರೇಟರ್ ಬಿಚ್ಚುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪ ಹೋದ ಮೇಲೆ ಅದನ್ನು ಯಾರೂ ಓಡಿಸಲಿಲ್ಲ. ಮಳೆಗಾಲದಲ್ಲಿ ಸೀಟಿನ ಮೇಲೆ ಬೂಷ್ಟು, ಬೇಸಿಗೆಯಲ್ಲಿ ಹಿಂದಿನ ಸೀಟಿನೊಳಗೆ ಇಲಿ. ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಆ ಮಾಡಿನ ಜಾಗ ಬೇಕಿತ್ತು. ಮಾರೋಣ ಅಂತಾಯಿತು.

ಮಾರೋಣ ಅನ್ನೋದು ಸುಲಭ. ಎಷ್ಟಕ್ಕೆ?

ಬೆಂಗಳೂರಿನಲ್ಲಿರುವ ಅಕ್ಕನ ಮಗ ಮೊಬೈಲಿನಲ್ಲಿ ಹುಡುಕಿ 7 ಲಕ್ಷ ಅಂದ. ಚಿಕ್ಕಪ್ಪನ ಲೆಕ್ಕವೇ ಬೇರೆ. 1970ರಲ್ಲಿ ಬಂಗಾರ 10 ಗ್ರಾಮಿಗೆ 200 ರೂಪಾಯಿ ಒಳಗೇ ಇತ್ತು. ಕಾರಿನ ಬದಲು ಅಜ್ಜ ಬಂಗಾರ ತಂದಿದ್ದರೆ 400 ಗ್ರಾಮಿಗೂ ಜಾಸ್ತಿ ಇರುತ್ತಿತ್ತು, ಈಗ ಅದರ ರೇಟು ನೀನೇ ನೋಡು ಅಂದ. ಆ ಲೆಕ್ಕ ಕೇಳಿ ಒಂದು ರಾತ್ರಿ ನಿದ್ದೆ ಬರಲಿಲ್ಲ. ಆದರೆ ಬಂಗಾರದ ಮೇಲೆ ಕೂತು ಮಾರಿಕಾಂಬೆ ಜಾತ್ರೆಗೆ ಹೋಗೋಕೆ ಆಗುತ್ತಿರಲಿಲ್ಲ, ಅಲ್ವಾ?

ನಮ್ಮ ಕಡೆ ರೇಟು ಅಂದರೆ ಅಡಿಕೆ ರೇಟು. ಶಿರಸಿಯಲ್ಲಿ 1923ರಲ್ಲಿ ಶುರುವಾದ ತೋಟಗಾರ್ಸ್ ಸೊಸೈಟಿಯ ಅಂಗಳದಲ್ಲಿ ಅಪ್ಪನ ಜೊತೆ ನಿಂತು ಬೆಳೆದವನು ನಾನು. ಲಾಟು ರಾಶಿ ಹಾಕಿರುತ್ತಾರೆ. ವ್ಯಾಪಾರಿ ಬರುತ್ತಾನೆ. ಮೇಲಿನದ್ದನ್ನು ನೋಡೋದೇ ಇಲ್ಲ, ಮೊಣಕೈವರೆಗೆ ಕೈ ಹಾಕಿ ತಳದಿಂದ ಒಂದು ಹಿಡಿ ಎತ್ತುತ್ತಾನೆ. ಎರಡು ಒಡೆದು ಒಳಗಿನ ಬಣ್ಣ ನೋಡುತ್ತಾನೆ. ಮುಖದಲ್ಲಿ ಏನೂ ತೋರಿಸೋದಿಲ್ಲ. ಹಿಂದೆ ಚೀಟಿಯಲ್ಲಿ ರೇಟು ಬರೆದು ಹಾಕುತ್ತಿದ್ದರು, ಈಗ ಕಂಪ್ಯೂಟರು. ಒಬ್ಬ ಬರೆದದ್ದು ಇನ್ನೊಬ್ಬನಿಗೆ ಗೊತ್ತಾಗಬಾರದು. ಬಂದ ರೇಟು ಒಪ್ಪಿಗೆಯಾಗದಿದ್ದರೆ ಕೊಡದೇ ಇಟ್ಟುಕೊಳ್ಳುವ ಹಕ್ಕು ಬೆಳೆದವನಿಗೆ. ಮಾರನೇ ದಿನ ಪೇಪರಿನಲ್ಲಿ ಅಡಿಕೆಯ ಒಂದೊಂದು ಬಗೆಗೂ, ಚಾಲಿ ಇಷ್ಟು, ರಾಶಿ ಇಷ್ಟು, ಬೆಟ್ಟೆ ಇಷ್ಟು ಅಂತ ಬರುತ್ತದೆ. ಕನಿಷ್ಠ, ಗರಿಷ್ಠ ಎರಡೂ ಇರುತ್ತದೆ. ಅದು ನಿಜವಾಗಿ ಮಾರಾಟವಾದ ರೇಟು.

ಅಕ್ಕನ ಮಗ ತೋರಿಸಿದ 7 ಲಕ್ಷ ಹಾಗಲ್ಲ. ಅದು ಯಾರೋ ಕೇಳುತ್ತಿರುವ ರೇಟು. ಯಾರೂ ಇನ್ನೂ ಕೊಟ್ಟಿಲ್ಲ. ಕೊಟ್ಟ ಮೇಲೆ ಜಾಹೀರಾತು ತೆಗೆಯುತ್ತಾರೆ, ಎಷ್ಟಕ್ಕೆ ಹೋಯಿತು ಅನ್ನೋದು ಎರಡು ಮನೆಯವರಿಗೆ ಬಿಟ್ಟು ಯಾರಿಗೂ ಗೊತ್ತಾಗೋದಿಲ್ಲ. ಹೆರಾಲ್ಡಿಗೆ ಪೇಪರಿನಲ್ಲಿ ರೇಟು ಬರೋದಿಲ್ಲ. ಲಾಟೂ ಇಲ್ಲ, ನಾಲ್ಕು ಜನ ವ್ಯಾಪಾರಿಗಳೂ ಇಲ್ಲ. ಇರೋದು ಒಂದೇ ಕಾರು. ಕೊನೆಗೆ ಬಂದ ಗಿರಾಕಿಯೂ ಒಬ್ಬರೇ.

ಅವರು ಕಾರವಾರದವರು. ಹಡಗಿನಲ್ಲಿ ಎಂಜಿನಿಯರ್ ಆಗಿದ್ದು ರಿಟೈರ್ ಆದವರು. ಕನ್ನಡದಲ್ಲಿ ಕೊಂಕಣಿಯ ರಾಗ. ನನ್ನನ್ನು ಮೊದಲ ಫೋನಿನಿಂದಲೇ "ಹೆಗಡೆಯವರೇ" ಅಂದರು. ಬೆಳಿಗ್ಗೆ ಎಂಟೂವರೆಗೆ ಬಂದು, ಆಸರಿಗೆ, ಕುಡಿಯೋಕೆ ಏನಾದರೂ ಬೇಕಾ ಅಂತ ಕೇಳಿದರೆ ಆಮೇಲೆ ಅಂತ ಹೇಳಿ, ಬ್ಯಾಗಿನಿಂದ ಹಳೇ ಲುಂಗಿ, ಟಾರ್ಚು, ಸ್ಕ್ರೂಡ್ರೈವರ್ ಮತ್ತು ಬಟ್ಟೆ ಸುತ್ತಿದ ಒಂದು ಮ್ಯಾಗ್ನೆಟ್ ತೆಗೆದರು.

ನಾನು ಹಿಂದಿನ ವಾರವೆಲ್ಲ ಕಾರು ತೊಳೆದು, ಮೇಣ ಹಚ್ಚಿ, ಹೊಸ ಬ್ಯಾಟರಿ ಹಾಕಿ, ಶಿರಸಿಯಿಂದ ಮೇಸ್ತ್ರಿಯನ್ನು ಕರೆಸಿ ಎಂಜಿನ್ ಸ್ಟಾರ್ಟ್ ಮಾಡಿಸಿ ಇಟ್ಟಿದ್ದೆ. ಅವರು ಬಣ್ಣ ನೋಡಲಿಲ್ಲ. ಸ್ಟಾರ್ಟ್ ಮಾಡಿ ತೋರಿಸಲಾ ಅಂದರೆ "ಎಂಜಿನ್ ರಿಪೇರಿ ಮಾಡಬಹುದು ಮಾರಾಯ್ರೇ, ಅದು ಕೊನೆಗೆ" ಅಂದರು. ಬಾಗಿಲ ಹತ್ತಿರ ಕೂತರು. ಜೇಬಿನಿಂದ ಒಂದು ರೂಪಾಯಿಯ ಎರಡು ನಾಣ್ಯ ತೆಗೆದು ಒಂದರ ಮೇಲೊಂದು ಇಟ್ಟು, ಬಾಗಿಲಿಗೂ ಬಾಡಿಗೂ ನಡುವಿನ ಸಂದಿನಲ್ಲಿ ತೂರಿಸಿ ಮೇಲಿಂದ ಕೆಳಗೆ ಎಳೆದರು. ಮೇಲೆ ನಾಣ್ಯ ಸಲೀಸಾಗಿ ಜಾರಿತು. ಕೆಳಗೆ ಬರುವಷ್ಟರಲ್ಲಿ ಸಿಕ್ಕಿಹಾಕಿಕೊಂಡಿತು. "ನೋಡಿ" ಅಂದರು, ಅಷ್ಟೇ.

ಆಮೇಲೆ ವಿವರಿಸಿದರು. ಹೆರಾಲ್ಡಿನ ಬಾಡಿ ಒಂದೇ ತುಂಡಲ್ಲ, ಬೇರೆ ಬೇರೆ ಭಾಗಗಳನ್ನು ಚಾಸಿಸ್, ಅಂದರೆ ತಳದ ಕಬ್ಬಿಣದ ಚೌಕಟ್ಟಿನ ಮೇಲೆ ಬೋಲ್ಟ್ ಹಾಕಿ ಕೂರಿಸಿದ್ದು. ಚಾಸಿಸ್ ಸ್ವಲ್ಪ ಬಗ್ಗಿದರೂ ಬಾಗಿಲ ಸಂದು ಮೇಲಿಂದ ಕೆಳಗೆ ಒಂದೇ ಸಮ ಉಳಿಯೋದಿಲ್ಲ. ಚಾಸಿಸ್ಸಿನಿಂದ ಆಚೀಚೆ ಚಾಚಿದ ತೋಳುಗಳಿರುತ್ತವೆ, ಬಾಡಿ ನಿಲ್ಲೋದು ಅವುಗಳ ಮೇಲೆ. ಮೊದಲು ತುಕ್ಕು ತಿನ್ನೋದೂ ಅವನ್ನೇ. ಹೇಳುತ್ತಾ ಹೇಳುತ್ತಾ ಲುಂಗಿ ಹಾಸಿ ಕಾರಿನ ಕೆಳಗೆ ಹೋದರು. ಒಳಗಿನಿಂದ ಸ್ಕ್ರೂಡ್ರೈವರ್ ಕುಟ್ಟುವ ಸದ್ದು ಬರುತ್ತಿತ್ತು. ಟಣ್, ಟಣ್, ಟಣ್, ಡಬ್. ಮತ್ತೆ ಟಣ್. ಒಂದೊಂದು "ಡಬ್"ಗೂ ನನ್ನ ಲೆಕ್ಕದಲ್ಲಿ ಐದು ಸಾವಿರ ಇಳಿಯುತ್ತಿತ್ತು.

ಮ್ಯಾಗ್ನೆಟ್ಟಿನ ಕೆಲಸ ಇನ್ನೂ ಕ್ರೂರ. ತಗಡು ಇದ್ದಲ್ಲಿ ಅಂಟಿಕೊಳ್ಳುತ್ತದೆ, ಪುಟ್ಟಿ ಹಚ್ಚಿದಲ್ಲಿ ಬಿದ್ದು ಹೋಗುತ್ತದೆ. ಎಡಗಡೆ ಹಿಂದಿನ ಚಕ್ರದ ಮೇಲೆ ಇಟ್ಟರು. ಬಿತ್ತು. ಅದು ಎಪ್ಪತ್ತರ ದಶಕದಲ್ಲಿ ಚಪ್ಪರದ ಕಂಬಕ್ಕೆ ಗುದ್ದಿದ ಜಾಗ ಅಂತ ಆಯಿ ಜಗಲಿಯಿಂದಲೇ ಹೇಳಿದಳು. ನನಗೇ ಗೊತ್ತಿರಲಿಲ್ಲ.

ನನಗೆ ಬೇಜಾರಾದದ್ದು ಅಪ್ಪನ ವಿಷಯಕ್ಕೆ. ಅಪ್ಪ ಈ ಕಾರಿಗೆ ಪ್ರೀತಿಯಿಂದ ಏನೇನು ಮಾಡಿದ್ದನೋ ಅದೆಲ್ಲ ಆ ದಿನ ಕಳೆಯುವ ಲೆಕ್ಕಕ್ಕೆ ಬಂತು. ತಿಳಿನೀಲಿ ಇದ್ದದ್ದಕ್ಕೆ ಮೆರೂನ್ ಬಣ್ಣ ಹೊಡೆಸಿದ್ದ. ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿದ್ದ. ಡ್ಯಾಶ್‌ಬೋರ್ಡ್ ಕತ್ತರಿಸಿ ಕ್ಯಾಸೆಟ್ ಪ್ಲೇಯರ್ ಕೂರಿಸಿದ್ದ. ಅದನ್ನು ಕೂರಿಸಿದ ದಿನ ಊರಿನ ಅರ್ಧ ಮಕ್ಕಳು ನಮ್ಮ ಅಂಗಳದಲ್ಲಿದ್ದರು. ಕಾರವಾರದವರು ಆ ಚೌಕದ ಅಂಚಿಗೆ ಬೆರಳು ಸವರಿ, "ಆಕ್ಸಾ ಬ್ಲೇಡಿನಲ್ಲಿ ಕೊಯ್ದಿದ್ದಾರೆ" ಅಂದರು. ತಪ್ಪು ಹುಡುಕುವ ದನಿ ಅಲ್ಲ. ಆದರೂ ನನಗೆ ಚುಚ್ಚಿತು.

ಹನ್ನೊಂದು ಗಂಟೆಗೆ ಕೈ ತೊಳೆಯೋಕೆ ಬಚ್ಚಲಿಗೆ ಹೋದವರು ಹತ್ತು ನಿಮಿಷವಾದರೂ ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿ ನಮ್ಮ ಸೋಪಿನ ತಟ್ಟೆ. ಸೋಪು ಇನ್ನೂ ಅದರಲ್ಲೇ ಇತ್ತು.

"ಇದು ನಿಮಗೆ ಎಲ್ಲಿಂದ ಬಂತು?"

ಎಲ್ಲಿಂದ ಅಂದರೆ? ನಾನು ಹುಟ್ಟಿದಾಗಿನಿಂದ ಅದು ಬಚ್ಚಲಿನ ಕಲ್ಲಿನ ಮೇಲೇ ಇದೆ. ಅವರು ಸೋಪನ್ನು ತೆಗೆದು ಜಗಲಿ ಕಟ್ಟೆಯ ಮೇಲಿಟ್ಟು, ತಟ್ಟೆಯನ್ನು ಲುಂಗಿಯಲ್ಲಿ ಒರೆಸಿ, ಮಗುಚಿ ಹಿಡಿದರು. ಕ್ರೋಮ್ ಹೊಳೆಯಿತು. ಹೆರಾಲ್ಡಿನ ಚಕ್ರದ ಕಪ್ಪು, ಅಂದರೆ ಚಕ್ರದ ನಡುವಿಗೆ ಮುಚ್ಚುವ ಹಬ್‌ಕ್ಯಾಪ್.

ಆಯಿಯನ್ನು ಕೇಳಿದೆ. "ಅಟ್ಟದ ಮೇಲೆ ಇನ್ನೂ ಇದ್ದು ತಮಾ" ಅಂದಳು, ಉಪ್ಪಿನಕಾಯಿ ಭರಣಿಯ ವಿಷಯ ಹೇಳಿದ ಹಾಗೆ. ಏಣಿ ಹಾಕಿ ಹತ್ತಿದೆ. ಅಡಿಕೆ ಚೀಲದೊಳಗೆ, ಹಳೇ ಪಂಚೆಯಲ್ಲಿ ಸುತ್ತಿ ಕಟ್ಟಿದ ಗಂಟು. ಅಪ್ಪ ಕಾರಿನಿಂದ ಏನು ಕಿತ್ತು ಹಾಕಿದರೂ ಆಯಿ ಹೆಕ್ಕಿ ಇಟ್ಟಿದ್ದಳು. ಇನ್ನೆರಡು ಚಕ್ರದ ಕಪ್ಪು, ಹಳೇ ಕಾರ್ಬೊರೇಟರ್, ಒಡೆಯದ ಹಿಂದಿನ ಲೈಟಿನ ಗಾಜು ಒಂದು, ಜಾಕು ಮತ್ತು ಅದರ ಹಿಡಿ, ಡ್ಯಾಶ್‌ಬೋರ್ಡಿನಿಂದ ಕತ್ತರಿಸಿದ ಚೌಕದ ತುಂಡು. ಹೌದು, ಆ ತುಂಡೂ ಇತ್ತು. ಮತ್ತೆ ಬೀಡಿಕಟ್ಟಿನ ಕಾಗದದಲ್ಲಿ ಸುತ್ತಿದ ಒಂದು ಬ್ಯಾಡ್ಜು, "ಸ್ಟ್ಯಾಂಡರ್ಡ್" ಅಂತ ಇಂಗ್ಲಿಷಿನಲ್ಲಿ ಬರೆದದ್ದು.

ಎಂಜಿನ್ ನೋಡಿದಾಗ, ಬಾಗಿಲು ನೋಡಿದಾಗ ಕಲ್ಲಿನ ಹಾಗಿದ್ದ ಮುಖ ಅದು. ಬ್ಯಾಡ್ಜು ನೋಡಿ ಸಡಿಲಾಯಿತು. ಅಡಿಕೆ ವ್ಯಾಪಾರಿಯಾಗಿದ್ದರೆ ಈ ಒಂದು ತಪ್ಪು ಮಾಡುತ್ತಿರಲಿಲ್ಲ. ಇಂಗ್ಲೆಂಡಿನಿಂದ ಹೆರಾಲ್ಡಿನ ಪಿಸ್ಟನ್ ತರಿಸಬಹುದು, ರಬ್ಬರು ತರಿಸಬಹುದು, ಅಲ್ಲಿ ಈಗಲೂ ಸಾಮಾನು ಸಿಗುತ್ತದೆ ಅಂದರು. ಆದರೆ ಅಲ್ಲಿನ ಹೆರಾಲ್ಡಿನ ಮೇಲೆ ಇರೋದು ಟ್ರಯಂಫ್ ಹೆಸರು. ಮದ್ರಾಸಿನ ಕಾರಿಗೆ ಮಾತ್ರ ಬೇಕಾದ ಇಂಥ ಚೂರುಗಳನ್ನು ಅಲ್ಲಿ ಯಾರೂ ಮಾಡೋದಿಲ್ಲ. ಇಲ್ಲಿ ಗುಜರಿಗೆ ಹೋಗಿ ಕರಗಿ ಹೋಗಿವೆ. ಅವರು ಇಷ್ಟು ಹೇಳಬಾರದಿತ್ತು. ಹೇಳಿದರು.

ಊಟಕ್ಕೆ ಕೂತಾಗ ನಾನು "ವಿಂಟೇಜ್ ಕಾರು" ಅಂದೆ. ಅವರು ನಕ್ಕರು. ಹಳೇ ಕಾರಿನ ಮಂದಿ ವಿಂಟೇಜ್ ಅನ್ನೋದು 1919ರಿಂದ 1930ರ ನಡುವಿನವಕ್ಕೆ, ನಿಮ್ಮದು ಕ್ಲಾಸಿಕ್ ಅಂದರು. ಆದರೆ ನಮ್ಮ ಸರ್ಕಾರ 2021ರಲ್ಲಿ ಮಾಡಿದ ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿದ, ಮೂಲ ರೂಪ ಬದಲಾಗದ ಗಾಡಿಯೆಲ್ಲ ವಿಂಟೇಜೇ. ಬೇಕಾದರೆ ನಂಬರ್ ಪ್ಲೇಟಿನಲ್ಲಿ "ವಿಎ" ಅನ್ನುವ ಅಕ್ಷರ ಸಿಗುತ್ತದೆ. ಹೊಸದಾಗಿ ಮಾಡಿಸೋಕೆ 20,000 ಶುಲ್ಕ, 10 ವರ್ಷಕ್ಕೆ ಲೆಕ್ಕ. ಆಮೇಲೆ ರ‍್ಯಾಲಿಗೆ, ಪ್ರದರ್ಶನಕ್ಕೆ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ ಹೊರಗೆ ತೆಗೆಯಬಹುದು. ದಿನಾ ತರಕಾರಿ ತರೋಕೆ ಆಗೋದಿಲ್ಲ. ಮೊದಲೇ ರಿಜಿಸ್ಟರ್ ಆಗಿದ್ದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. "ನಿಮ್ಮ ಎಂವೈ ನಂಬರು ನನಗೆ ಬೇಕು. ಅದು ಮೈಸೂರು ರಾಜ್ಯದ್ದು. 1973ರ ಮೇಲೆ ರಾಜ್ಯದ ಹೆಸರೇ ಬದಲಾಯಿತಲ್ಲ" ಅಂದರು. ಅಪ್ಪೆಹುಳಿ ಎರಡು ಸಲ ಹಾಕಿಸಿಕೊಂಡರು.

ಕೈ ತೊಳೆದು ಜಗಲಿಯಲ್ಲಿ ಕೂತೆವು. ಯಾರೂ ಮೊದಲು ಬಾಯಿ ಬಿಡುತ್ತಿಲ್ಲ. ಮಳೆ, ಘಟ್ಟದ ರಸ್ತೆ ಕೆಲಸ, 2024ರ ಆಗಸ್ಟಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದದ್ದು, ಎಲ್ಲ ಮಾತಾಯಿತು. ಆ ಸೇತುವೆಗಿಂತ ನಮ್ಮ ಕಾರೇ ದೊಡ್ಡದು ವಯಸ್ಸಿನಲ್ಲಿ ಅಂದೆ. ಅವರು ತಲೆ ಆಡಿಸಿದರು. ಹಿಂದೆ ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಹೇಳುತ್ತಿದ್ದರಂತೆ, ಮುಖ ನೋಡಿ ಹೇಳೋಕೆ ಯಾಕೆ ಆಗುತ್ತಿರಲಿಲ್ಲ ಅಂತ ನನಗೆ ಆವತ್ತು ಅರ್ಥ ಆಯಿತು.

ಕೊನೆಗೆ ಆಯಿಯೇ ಕ್ಯಾಲೆಂಡರಿನ ಹಳೇ ಹಾಳೆ ಹರಿದು ಎರಡು ಚೂರು ಮಾಡಿ ಕೊಟ್ಟಳು. "ಟೆಂಡರ್ ಮಾಡಿ" ಅಂದಳು. ಅಪ್ಪ ಹೋದ ಮೇಲೆ ಹತ್ತು ವರ್ಷದಿಂದ ಅಡಿಕೆ ಮಾರುತ್ತಿರುವವಳು ಅವಳೇ.

ನಾನು 3,00,000 ಬರೆದೆ. ಅವರು 1,90,000 ಬರೆದಿದ್ದರು.

ಎರಡೂ ಚೀಟಿ ತೆರೆದಿಟ್ಟ ಮೇಲೆ ವಿಚಿತ್ರ ಅನಿಸುವಷ್ಟು ಮಾತು ಸಲೀಸಾಯಿತು. ಅವರು ತಮ್ಮ ಖರ್ಚು ಹೇಳಿದರು. ಚಾಸಿಸ್ ತೋಳು, ಬಾಗಿಲು, ಬಣ್ಣ, ಸೀಟು, ವೈರಿಂಗ್ ಸೇರಿ ಇನ್ನೂ ನಾಲ್ಕು ಲಕ್ಷ ಹಾಕಬೇಕು. ಹಾಕಿದ ಮೇಲೆ ಮಾರಿದರೆ ಅಷ್ಟು ವಾಪಸ್ ಬರೋದಿಲ್ಲ. "ಹಾಗಾದರೆ ಯಾಕೆ ತಗೊಳ್ತೀರಿ?" ಅಂತ ಆಯಿ ನೇರವಾಗಿ ಕೇಳಿದಳು. "ನಮ್ಮ ತಂದೆ ಇಂಥದ್ದೇ ಒಂದನ್ನು ಮಾರಿದ್ದರು ಅಮ್ಮಾ" ಅಂದರು. ಎಷ್ಟಕ್ಕೆ ಅಂತ ಹೇಳಲಿಲ್ಲ, ನಾವು ಕೇಳಲಿಲ್ಲ. ನಾನು ಗಂಟಿನ ಸಾಮಾನು ಎಣಿಸಿದೆ. ಅವರು ಇಪ್ಪತ್ತು ಏರಿಸಿದರು. ನಾನು ಮೂವತ್ತು ಇಳಿದೆ. ಬ್ಯಾಡ್ಜಿಗೆ ಮತ್ತೆ ಹತ್ತು. ಹೀಗೇ ಏರಿ ಇಳಿದು 2,40,000ಕ್ಕೆ ನಿಂತಿತು.

ಅಡ್ವಾನ್ಸ್ ಎಣಿಸೋಕೆ ಅವರು ಪರ್ಸ್ ತೆಗೆದಾಗ ನನಗೆ ಬೆವರು ಬಂತು. ಡಿಕ್ಕಿಯ ತಳದಲ್ಲಿ ರಬ್ಬರ್ ಮ್ಯಾಟಿನ ಕೆಳಗೆ ಒಂದು ತೇಪೆ ಇದೆ. ತಳ ಪೂರ್ತಿ ತುಕ್ಕು ತಿಂದು ತೂತಾಗಿತ್ತು. ಅಪ್ಪ ಎಣ್ಣೆ ಡಬ್ಬಿಯ ತಗಡು ಬಡಿದು ಅದರ ಮೇಲೆ ಡಾಂಬರು ಬಳಿದಿದ್ದ. ಮ್ಯಾಟ್ ಹಾಸಿದವನು ನಾನು, ಹಿಂದಿನ ವಾರ. ಬೇಕಂತಲೇ. ಅಡಿಕೆಯಲ್ಲಿ ತಳಕ್ಕೆ ಕಳಪೆ ಕೋಕಾ ಹಾಕಿ ಮೇಲೆ ಒಳ್ಳೇ ಚಾಲಿ ಸುರಿಯುವವರನ್ನು ಅಪ್ಪ ಏನು ಬೈಯುತ್ತಿದ್ದ ಅಂತ ಇಲ್ಲಿ ಬರೆಯೋಕೆ ಆಗೋದಿಲ್ಲ.

"ಒಂದು ವಿಷಯ ಹೇಳೋದು ಬಿಟ್ಟು ಹೋಯ್ತು" ಅಂದೆ. ಹೇಳಿದೆ.

"ಗೊತ್ತುಂಟು. ಕೆಳಗಿನಿಂದ ನೋಡಿದೆ. 1,90,000ದಲ್ಲಿ ಅದನ್ನು ಹಿಡಿದೇ ಬರೆದದ್ದು" ಅಂದರು. ನೋಟು ಎಣಿಸೋದು ನಿಲ್ಲಿಸಲಿಲ್ಲ.

ಬೆಳಿಗ್ಗೆಯೇ ಹೇಳಿದ್ದರೆ ಚೀಟಿಯಲ್ಲಿ ಎಷ್ಟು ಬರೆಯುತ್ತಿದ್ದರು ಅಂತ ಈಗಲೂ ಒಮ್ಮೊಮ್ಮೆ ಯೋಚನೆ ಬರುತ್ತದೆ. ಜಾಸ್ತಿಯಾ, ಕಡಿಮೆಯಾ?

ಕಾಗದಪತ್ರದ ಕತೆ ಬೇರೆಯೇ ಬರೆಯಬೇಕು, ಬರೆಯೋದಿಲ್ಲ. ಆರ್‌ಸಿ ಪುಸ್ತಕ ಇನ್ನೂ ಅಜ್ಜನ ಹೆಸರಲ್ಲೇ ಇತ್ತು. ಅಪ್ಪ ಅದನ್ನು ಬದಲಾಯಿಸಿರಲೇ ಇಲ್ಲ. ಮಾಲೀಕ ತೀರಿಕೊಂಡರೆ ತುಂಬಬೇಕಾದದ್ದು ಫಾರಂ 31. ನಮ್ಮ ಶಿರಸಿಯ ಗಾಡಿ ನಂಬರೂ ಕೆಎ 31. ನೆನಪಿಡೋಕೆ ಸುಲಭ ಆಯಿತು, ಅಷ್ಟೇ. ವಂಶವೃಕ್ಷ, ಎಲ್ಲರ ಒಪ್ಪಿಗೆ ಪತ್ರ, ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಏರಿಸೋದು ಅಂತ ಎರಡು ತಿಂಗಳು ಹೋಯಿತು. ಕುಮಟೆಯ ಅತ್ತೆ ಸಹಿ ಹಾಕೋಕೆ ಏನಾದರೂ ಕೇಳುತ್ತಾಳೇನೋ ಅಂತ ಹೆದರಿದ್ದೆ. ಅವಳಿಗೆ ಆ ಕಾರು ಅಂದರೆ ದೇವಿಮನೆ ಘಟ್ಟದಲ್ಲಿ ವಾಂತಿ ಮಾಡಿದ್ದು ಮಾತ್ರ ನೆನಪು. "ಮೊದಲು ಅದನ್ನು ಕಳಿಸು ಮಾರಾಯಾ" ಅಂತ ನಿಂತಲ್ಲೇ ಸಹಿ ಹಾಕಿದಳು.

ಒಂದು ಗಳಿಗೆ ಮಾತ್ರ ಹೇಳಬೇಕು. ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕಿತ್ತು. ನಂಬರಿನ ಮೇಲೆ ಕಾಗದ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಬೇಕು. ಆರ್‌ಸಿಯಲ್ಲಿ ಕೊನೆಯ ಅಂಕಿ ಶಾಯಿ ಹರಡಿ 3ರ ಹಾಗೂ ಕಾಣುತ್ತಿತ್ತು, 8ರ ಹಾಗೂ ಕಾಣುತ್ತಿತ್ತು. ನಂಬರು ಕೂಡದಿದ್ದರೆ ವ್ಯಾಪಾರವೇ ಇಲ್ಲ, ಗುಜರಿಯವನ 22,000ವೇ ಗತಿ. ಅರವತ್ತು ವರ್ಷದ ಗ್ರೀಸು, ಧೂಳು ಸೀಮೆಎಣ್ಣೆಯಲ್ಲಿ ಒರೆಸಿದೆ. ಉಜ್ಜುತ್ತಾ ಹೋದ ಹಾಗೆ ಬೂದು ಬಣ್ಣದ ನಡುವೆ ಒಂದೊಂದೇ ಅಂಕಿ ಬಿಳಿಯಾಗಿ ಎದ್ದು ಬಂತು. ಕೊನೆಯದು 8. ಶಾಯಿ ಹರಡಿದ್ದರ ಮೇಲೆ ಭೂತಗನ್ನಡಿ ಹಿಡಿದರೆ ಅಲ್ಲೂ 8.

ಒಯ್ಯೋಕೆ ಅವರು ಲಾರಿ ತಂದಿದ್ದರು. ಜಾಕ್ ಹಾಕಿ ಹಿಂಬದಿ ಎತ್ತಿದಾಗ ಎರಡೂ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಂಡವು. ಹೆರಾಲ್ಡಿನ ಆಕ್ಸಲ್ ಇರೋದೇ ಹಾಗೆ, ಭಾರ ಬಿಟ್ಟ ಕೂಡಲೇ ಕಾಲು ಸೊಟ್ಟ ಮಾಡುತ್ತದೆ. ಕೆಲಸದವರು ಮುರಿದೇ ಹೋಯಿತು ಅಂತ ಕೂಗಿದರು. ಕಾರವಾರದ ಉಪ್ಪುಗಾಳಿಯಲ್ಲಿ ಇದು ಎಷ್ಟು ದಿನ ಬಾಳುತ್ತದೆ ಅಂತ ಕೇಳಿದೆ. ಜೀವಮಾನವೆಲ್ಲ ಉಪ್ಪುನೀರಿನಲ್ಲಿ ಕಬ್ಬಿಣ ಕಾಯ್ದದ್ದೇ ತನ್ನ ಕೆಲಸ ಅಂದರು.

ಮೊನ್ನೆ ಫೋನ್ ಮಾಡಿದ್ದರು. ಬಣ್ಣ ಕೆರೆದರಂತೆ, ಕೆಳಗೆ ತಿಳಿನೀಲಿ ಸಿಕ್ಕಿದೆ. ಕತ್ತರಿಸಿದ ಡ್ಯಾಶ್‌ಬೋರ್ಡ್ ತುಂಡು ಸರಿಯಾಗಿ ಕೂತಿದೆ, ಗೆರೆ ಮಾತ್ರ ಕಾಣುತ್ತದೆ, ಹಾಗೇ ಬಿಡುತ್ತೇನೆ ಅಂದರು. ಕಪ್ಪು ಮಾತ್ರ ಮೂರೇ ಇವೆ, ನಾಲ್ಕನೇದು ಮನೆಯಲ್ಲಿ ಎಲ್ಲಾದರೂ ಇರಬಹುದಾ, ಅದಕ್ಕೆ ಬೇರೆ ದುಡ್ಡು ಕೊಡುತ್ತೇನೆ ಅಂದರು.

ಆಯಿ ಎರಡು ದಿನದಿಂದ ಹುಡುಕುತ್ತಿದ್ದಾಳೆ. ಕೊಟ್ಟಿಗೆ ಆಯಿತು, ಅಟ್ಟ ಆಯಿತು. ನಡುನಡುವೆ ನನ್ನನ್ನೂ ಬೈಯುತ್ತಾಳೆ. ಸೋಪು ಈಗ ಬರೀ ಕಲ್ಲಿನ ಮೇಲಿದೆ, ನೀರು ಹೊಯ್ದ ಕೂಡಲೇ ಜಾರಿ ಬಚ್ಚಲ ಗುಂಡಿಗೆ ಬೀಳುತ್ತದೆ.